ಮಗಳ ಎಂಜಿನಿಯರಿಂಗ್‌ಗೆ ಸೈಟ್ ಮಾರಬೇಕಾ, ಸಾಲ ಮಾಡಬೇಕಾ?

ಪ್ರಶ್ನೆ: ನಾನು ತುಮಕೂರಿನ ಹತ್ತಿರ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತೇನೆ. ಯಜಮಾನರು ಗೂಡ್ಸ್ ಆಟೊ ಓಡಿಸುತ್ತಾರೆ. ಇಬ್ಬರದೂ ಸೇರಿ ತಿಂಗಳಿಗೆ 27,000 ಆಗಬಹುದು. ನಾವು 2ಎ. ಮಗಳು ಸಿಇಟಿ ಬರೆದಿದ್ದಾಳೆ. ಅವಳ ರ‍್ಯಾಂಕಿಗೆ ಸರ್ಕಾರಿ ಕೋಟಾದಲ್ಲಿ ಎಲೆಕ್ಟ್ರಾನಿಕ್ಸ್ ಸಿಗಬಹುದು, ಕಂಪ್ಯೂಟರ್ ಸೈನ್ಸ್ ಅನುಮಾನ ಅಂತಾರೆ. ಹಾಸ್ಟೆಲ್ ಸೇರಿ ವರ್ಷಕ್ಕೆ ಒಂದೂವರೆ ಲಕ್ಷ ಬೀಳುತ್ತದೆ. ಏಜೆಂಟ್ ಒಬ್ಬರು ಬೆಂಗಳೂರಿನ ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಕಂಪ್ಯೂಟರ್ ಸೈನ್ಸ್ ಕೊಡಿಸುತ್ತೇನೆ, ಎಲ್ಲ ಸೇರಿ ವರ್ಷಕ್ಕೆ ಮೂರೂವರೆ ಲಕ್ಷ, ಶುಕ್ರವಾರದೊಳಗೆ 25,000 ಅಡ್ವಾನ್ಸ್ ಕೊಡಿ ಅಂತಿದ್ದಾರೆ. ಮೈದುನ ಸೈಟ್ ಮಾರಿಬಿಡಿ ಅಂತಾನೆ. ನಮಗಿರುವುದು ಅದೊಂದೇ ಸೈಟ್. ಬ್ಯಾಂಕ್ ಸಾಲ ಮಾಡೋಣ ಅಂದರೆ ಪಕ್ಕದ ಮನೆಯ ಹುಡುಗನ ಸಾಲಕ್ಕೆ ಬ್ಯಾಂಕಿನವರು ಮನೆ ಬಾಗಿಲಿಗೆ ಬಂದಿದ್ದನ್ನು ಕಣ್ಣಾರೆ ನೋಡಿದ್ದೇವೆ. ಇನ್ನೊಬ್ಬರು, ಓದಿನ ಸಾಲ ಸರ್ಕಾರ ಮನ್ನಾ ಮಾಡುತ್ತೆ, ಧೈರ್ಯವಾಗಿ ತಗೊಳ್ಳಿ ಅಂತಾರೆ. ನಾಳೆ ಮಗಳಿಗೆ ಮದುವೆಯಾದರೆ ಸಾಲ ಯಾರ ತಲೆಗೆ? ದಾರಿ ತೋರಿಸಿ.

ಉತ್ತರ: ಅಮ್ಮಾ, ನಿಮ್ಮ ಪತ್ರದಲ್ಲಿ ಎರಡು ಚಿಂತೆ ಒಂದಕ್ಕೊಂದು ಹೆಣೆದುಕೊಂಡಿವೆ. ಯಾವ ಸೀಟು ಅನ್ನೋದು ಒಂದು, ಹಣ ಎಲ್ಲಿಂದ ಅನ್ನೋದು ಇನ್ನೊಂದು. ಮನೆಯವರೆಲ್ಲ ಎರಡನೆಯದನ್ನೇ ಚರ್ಚೆ ಮಾಡುತ್ತಿದ್ದೀರಿ. ಬ್ಯಾಂಕಿನ ಸಾಲ ವಿಭಾಗದಲ್ಲಿ ಕೂತು ನಾನು ನೋಡಿದ ಪ್ರಕಾರ, ಮನೆ ಮುಳುಗುವುದೋ ತೇಲುವುದೋ ಗೊತ್ತಾಗುವುದು ಮೊದಲನೆಯದರಲ್ಲಿ. ಸಾಲ ಎಷ್ಟಾಗುತ್ತೆ ಅನ್ನೋದನ್ನು ಬ್ಯಾಂಕಿಗಿಂತ ಮೊದಲೇ ಸೀಟು ತೀರ್ಮಾನ ಮಾಡಿರುತ್ತದೆ. ಹಾಗಾಗಿ ಎರಡೂ ಸೀಟಿನ ಲೆಕ್ಕ ಹಾಕಿಬಿಡೋಣ.

ಸರ್ಕಾರಿ ಕೋಟಾ ಸೀಟಿಗೆ ವರ್ಷಕ್ಕೆ 1.5 ಲಕ್ಷದಂತೆ ನಾಲ್ಕು ವರ್ಷಕ್ಕೆ 6 ಲಕ್ಷ. ಬಡ್ಡಿ ಶೇ 10 ಅಂತ ಇಟ್ಟುಕೊಳ್ಳಿ. ಓದುವ ನಾಲ್ಕು ವರ್ಷ, ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಇದನ್ನು ಮೊರಟೋರಿಯಂ ಅಂತಾರೆ. ಆದರೆ ಬಡ್ಡಿ ನಿಂತಿರುವುದಿಲ್ಲ. ಮೊದಲ ವರ್ಷ ಕೊಟ್ಟ ಹಣಕ್ಕೆ ಐದು ವರ್ಷದ ಬಡ್ಡಿ, ಎರಡನೇ ವರ್ಷದ್ದಕ್ಕೆ ನಾಲ್ಕು, ಹೀಗೆ ಸೇರಿ 2.10 ಲಕ್ಷ ಬಡ್ಡಿಯೇ ಆಗುತ್ತದೆ. ಕಂತು ಶುರುವಾಗುವ ದಿನ ಪುಸ್ತಕದಲ್ಲಿ 8.10 ಲಕ್ಷ ಇರುತ್ತದೆ. ಅದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 10,700 ಬೇಕು.

ಏಜೆಂಟ್ ಹೇಳಿದ ಸೀಟಿಗೆ ನಾಲ್ಕು ವರ್ಷಕ್ಕೆ 14 ಲಕ್ಷ. ಅದೇ ಬಡ್ಡಿಯಲ್ಲಿ 4.90 ಲಕ್ಷ ಸೇರಿ 18.90 ಲಕ್ಷ. ಹದಿನೈದು ವರ್ಷಕ್ಕೆ ಎಳೆದರೂ ತಿಂಗಳ ಕಂತು 20,000 ದಾಟುತ್ತದೆ. ದೊಡ್ಡ ಐಟಿ ಕಂಪನಿಗಳು ಕಾಲೇಜಿನಿಂದ ಗುಂಪಾಗಿ ಆರಿಸಿಕೊಳ್ಳುವ ಹೊಸಬರಿಗೆ ಕೊಡುವ ಸಂಬಳ ಬಹಳ ವರ್ಷಗಳಿಂದ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಕೈಗೆ ಬರೋದು ತಿಂಗಳಿಗೆ 25,000 ಅಂದುಕೊಳ್ಳಿ. ಅದರಲ್ಲಿ 20,000 ಕಂತಿಗೆ ಹೋದರೆ ಬೆಂಗಳೂರಿನಲ್ಲಿ ಪಿಜಿ ಬಾಡಿಗೆಗೂ ಉಳಿಯುವುದಿಲ್ಲ, ಅಲ್ವಾ? ಮೊದಲ ಕೆಲಸದ ಸಂಬಳದಲ್ಲಿ ಮೂರನೇ ಒಂದು ಭಾಗಕ್ಕಿಂತ ಕಂತು ಜಾಸ್ತಿ ಆಗಬಾರದು. ಇದು ಸರ್ಕಾರದ ನಿಯಮ ಅಲ್ಲ, ನಾನು ಎಲ್ಲರಿಗೂ ಹೇಳುವ ಅಳತೆ.

ಕಂಪ್ಯೂಟರ್ ಸೈನ್ಸ್ ಅನ್ನೋ ಹೆಸರಿಗಾಗಿ ಎಂಟು ಲಕ್ಷ ಜಾಸ್ತಿ ಕೊಡುವುದು ನನ್ನ ಪ್ರಕಾರ ದುಬಾರಿ. ಸಾಫ್ಟ್‌ವೇರ್ ಕಂಪನಿಗಳು ಎಲೆಕ್ಟ್ರಾನಿಕ್ಸ್ ಓದಿದವರನ್ನೂ ತೆಗೆದುಕೊಳ್ಳುತ್ತವೆ. ಮಗಳಿಗೆ ಕೋಡಿಂಗ್ ಇಷ್ಟ ಇದ್ದರೆ ಆ ನಾಲ್ಕು ವರ್ಷದಲ್ಲಿ ಕಲಿಯಬಹುದು. ಹಾಗಂತ ಎಲ್ಲ ಸರ್ಕಾರಿ ಕೋಟಾ ಸೀಟೂ ಒಳ್ಳೆಯದು ಅಂತಲ್ಲ. ಆ ಕಾಲೇಜಿಗೆ ನ್ಯಾಕ್ ಮಾನ್ಯತೆಯೋ, ಆ ಕೋರ್ಸಿಗೆ ಎನ್‌ಬಿಎ ಮಾನ್ಯತೆಯೋ ಇದೆಯಾ ನೋಡಿ. ಇದನ್ನು ಒತ್ತಿ ಹೇಳಲು ಇನ್ನೊಂದು ಕಾರಣವೂ ಇದೆ.

ಕೇಂದ್ರ ಸರ್ಕಾರದ ಬಡ್ಡಿ ಸಹಾಯಧನ ಯೋಜನೆ ಒಂದಿದೆ. 2009ರಿಂದ ಇದೆ, ಆದರೂ ನಿಮ್ಮಂಥ ಮನೆಗಳಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಕುಟುಂಬದ ವರ್ಷದ ಆದಾಯ 4.5 ಲಕ್ಷದೊಳಗಿದ್ದು, ಮಾನ್ಯತೆ ಇರುವ ಕಡೆ ತಾಂತ್ರಿಕ ಅಥವಾ ವೃತ್ತಿಪರ ಕೋರ್ಸಿಗೆ ಸೇರಿದರೆ, ಮೊರಟೋರಿಯಂ ಕಾಲದ ಬಡ್ಡಿಯನ್ನು ಪೂರ್ತಿ ಸರ್ಕಾರವೇ ಕಟ್ಟುತ್ತದೆ. 10 ಲಕ್ಷದವರೆಗಿನ ಸಾಲಕ್ಕೆ ಇದು ಅನ್ವಯ. ನಿಮ್ಮ ಆದಾಯ ವರ್ಷಕ್ಕೆ 3.24 ಲಕ್ಷ. ಅಂದರೆ ಮೇಲೆ ಹೇಳಿದ ಆ 2.10 ಲಕ್ಷ ಬಡ್ಡಿ ನಿಮ್ಮ ತಲೆಗೆ ಬರುವುದೇ ಇಲ್ಲ. ಕಂತು ಶುರುವಾಗುವಾಗ ಸಾಲ 6 ಲಕ್ಷವೇ ಇರುತ್ತದೆ. ಹತ್ತು ವರ್ಷಕ್ಕೆ ತಿಂಗಳಿಗೆ ಸುಮಾರು 7,900. ನಾನು ಹೇಳಿದ ಮೂರನೇ ಒಂದು ಭಾಗದೊಳಗೆ ಕೂರುತ್ತದೆ.

ಆದರೆ ಇದು ತಾನಾಗಿ ಬರುವುದಿಲ್ಲ. ಸಾಲ ಬ್ಯಾಂಕಿನದ್ದೇ ಆಗಿರಬೇಕು, ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಡಿ ಇರಬೇಕು, ಆದಾಯ ಪ್ರಮಾಣಪತ್ರ ಕೊಟ್ಟಿರಬೇಕು, ಬ್ಯಾಂಕ್ ನಿಮ್ಮ ಹೆಸರನ್ನು ಈ ಸಹಾಯಧನದ ಪೋರ್ಟಲ್‌ನಲ್ಲಿ ಸೇರಿಸಿರಬೇಕು. ಇದರಲ್ಲಿ ಯಾವುದು ತಪ್ಪಿದರೂ ಸಹಾಯಧನ ಕೈ ತಪ್ಪುತ್ತದೆ. ಪ್ರತಿ ವರ್ಷ ಸಾಲದ ಸ್ಟೇಟ್‌ಮೆಂಟ್ ತೆಗೆಸಿ, ಬಡ್ಡಿ ಸಹಾಯಧನ ಜಮಾ ಆಗಿದೆಯಾ ನೋಡಿ. ಆಗಿಲ್ಲ ಅಂದರೆ ಬರವಣಿಗೆಯಲ್ಲಿ ಕೇಳಿ. ಮಗಳು ಕೋರ್ಸ್ ಮಧ್ಯದಲ್ಲಿ ಬಿಟ್ಟರೆ ಈ ಸೌಲಭ್ಯ ಹೋಗುತ್ತದೆ, ಅದೂ ನೆನಪಿರಲಿ.

2024ರ ನವೆಂಬರ್‌ನಲ್ಲಿ ಪಿಎಂ ವಿದ್ಯಾಲಕ್ಷ್ಮಿ ಅಂತ ಇನ್ನೊಂದು ಯೋಜನೆಗೆ ಒಪ್ಪಿಗೆ ಸಿಕ್ಕಿತು. ದೇಶದ ಆಯ್ದ ಸಂಸ್ಥೆಗಳಲ್ಲಿ (ಆಗ 860) ಮೆರಿಟ್ ಮೇಲೆ ಸೀಟು ಪಡೆದವರಿಗೆ ಆಸ್ತಿ ಅಡಮಾನ, ಜಾಮೀನು ಇಲ್ಲದೆ ಸಾಲ ಕೊಡುವುದು ಅದರ ಉದ್ದೇಶ. 8 ಲಕ್ಷದೊಳಗಿನ ಆದಾಯದವರಿಗೆ 10 ಲಕ್ಷದವರೆಗಿನ ಸಾಲದ ಮೇಲೆ ಮೊರಟೋರಿಯಂ ಕಾಲದಲ್ಲಿ ಶೇ 3ರಷ್ಟು ಬಡ್ಡಿ ರಿಯಾಯಿತಿ. ಇದಕ್ಕೆ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳ ಮಿತಿ ಇದೆ. ನಿಮಗೆ ಹಳೆಯ ಯೋಜನೆಯೇ ಲಾಭ. ನಿಮಗಿಂತ ಸ್ವಲ್ಪ ಜಾಸ್ತಿ ದುಡಿಯುವ ಓದುಗರಿಗಾಗಿ ಇದನ್ನು ಹೇಳಿದೆ.

ಈಗ ಸೈಟ್ ವಿಷಯ. ಶಿಕ್ಷಣ ಸಾಲಕ್ಕೆ ಆಸ್ತಿ ಅಡ ಇಡಲೇಬೇಕು ಅನ್ನೋದು ಹಳೆಯ ತಪ್ಪು ತಿಳಿವಳಿಕೆ. 4 ಲಕ್ಷದವರೆಗೆ ಬ್ಯಾಂಕ್ ಯಾವ ಅಡಮಾನವನ್ನೂ ಕೇಳುವ ಹಾಗಿಲ್ಲ, ಇದು ರಿಸರ್ವ್ ಬ್ಯಾಂಕಿನ ಮಾತು. 7.5 ಲಕ್ಷದವರೆಗಿನ ಸಾಲಕ್ಕೆ ಸರ್ಕಾರದ ಖಾತ್ರಿ ನಿಧಿ ಇದೆ. ಸಾಲ ಮುಳುಗಿದರೆ ಅದರ ಶೇ 75ರಷ್ಟನ್ನು ಬ್ಯಾಂಕಿಗೆ ಆ ನಿಧಿ ತುಂಬಿಕೊಡುತ್ತದೆ. ಹಾಗಾಗಿ ನಿಮ್ಮ 6 ಲಕ್ಷಕ್ಕೆ ಸೈಟಿನ ಪತ್ರ ಬೇಕಿಲ್ಲ. ಮಗಳ ಜೊತೆ ತಂದೆಯೋ ತಾಯಿಯೋ ಸಹ ಸಾಲಗಾರರಾಗಿ ಸಹಿ ಹಾಕಿದರೆ ಸಾಕು. 4 ಲಕ್ಷ ದಾಟಿದರೆ ಸಾಮಾನ್ಯವಾಗಿ ಖರ್ಚಿನ ಶೇ 5ರಷ್ಟನ್ನು ನೀವು ಕೈಯಿಂದ ಹಾಕಬೇಕು. ವಿದ್ಯಾರ್ಥಿವೇತನ ಬಂದರೆ ಅದನ್ನೂ ಇದಕ್ಕೆ ಲೆಕ್ಕ ಹಿಡಿಯುತ್ತಾರೆ. ಅದೇ 14 ಲಕ್ಷದ ಸಾಲ ಕೇಳಿದ್ದರೆ ಬ್ಯಾಂಕ್ ಮೊದಲು ಕೇಳುವುದೇ ಸೈಟಿನ ಪತ್ರವನ್ನು.

ಮೈದುನ ಹೇಳಿದ ಹಾಗೆ ಮಾರಿದರೆ ಬಡ್ಡಿ ಇಲ್ಲ, ನಿಜ. ಆದರೆ ನಿಮಗಿರುವುದು ಒಂದೇ ಸೈಟ್. ನಾಳೆ ಯಜಮಾನರಿಗೆ ಆರೋಗ್ಯ ಕೆಟ್ಟರೆ, ಆಟೊ ಕೈ ಕೊಟ್ಟರೆ ಮತ್ತೇನಿದೆ? ನಾಲ್ಕೈದು ವರ್ಷ ಬಡ್ಡಿಯಿಲ್ಲದೆ ಸಿಗುವ ಸಾಲವನ್ನು ಬಿಟ್ಟು, ಇರುವ ಒಂದು ಆಸ್ತಿ ಕರಗಿಸುವುದು ಲೆಕ್ಕಕ್ಕೆ ಕೂರುವುದಿಲ್ಲ. ಬೇಕಾದರೆ ಆಮೇಲೆ ಮಾರಿ ಸಾಲ ತೀರಿಸಬಹುದು. ಮಾರಿದ ಸೈಟ್ ವಾಪಸ್ ಕೊಳ್ಳುವುದು ನಿಮ್ಮಿಂದ ಆಗುವ ಮಾತಲ್ಲ.

ಬ್ಯಾಂಕ್ ಮ್ಯಾನೇಜರ್ ಹಾಗೆಲ್ಲ ಸುಲಭವಾಗಿ ಕೊಡುತ್ತಾರಾ? ಕೆಲವರು ಕೊಡುವುದಿಲ್ಲ. ನಿಮ್ಮ ಮನೆ ನಮ್ಮ ಶಾಖೆಯ ವ್ಯಾಪ್ತಿಗೆ ಬರಲ್ಲ ಅಂತ ಓಡಿಸುತ್ತಾರೆ. ಈ ಕಾರಣಕ್ಕೆ ಶಿಕ್ಷಣ ಸಾಲ ನಿರಾಕರಿಸಬಾರದು ಅಂತ ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ಬಾಯಿ ಮಾತಿನಲ್ಲಿ ಕೇಳಿ ಬರಬೇಡಿ. ಶಿಕ್ಷಣ ಸಾಲಕ್ಕೆ ಅಂತಲೇ ಇರುವ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಅದರ ನಂಬರ್ ಹಿಡಿದು ಶಾಖೆಗೆ ಹೋಗಿ. ಆಗ ಇಲ್ಲ ಅನ್ನಲು ಅವರು ಕಾರಣ ಬರೆಯಬೇಕಾಗುತ್ತದೆ. ಬರೆಯಬೇಕು ಅಂದ ತಕ್ಷಣ ಎಷ್ಟೋ ಶಾಖೆಗಳಲ್ಲಿ ಮಾತಿನ ಧಾಟಿ ಬದಲಾಗುತ್ತದೆ, ಒಳಗಿದ್ದು ನೋಡಿದವನು ಹೇಳುತ್ತಿದ್ದೇನೆ. ಲಿಖಿತ ದೂರು ಕೊಟ್ಟು 30 ದಿನ ಕಳೆದರೂ ಉತ್ತರ ಬರದಿದ್ದರೆ, ಬಂದ ಉತ್ತರ ಸರಿ ಕಾಣದಿದ್ದರೆ, ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಅಧಿಕಾರಿ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಖರ್ಚಿಲ್ಲ. ಎರಡೇ ದಿನದಲ್ಲಿ ಸಾಲ ಕೊಡುವ ಖಾಸಗಿ ಫೈನಾನ್ಸ್‌ಗಳ ಕಡೆ ಹೋಗಬೇಡಿ. ಬಡ್ಡಿ ಜಾಸ್ತಿ ಅನ್ನೋದು ಒಂದು. ಅಲ್ಲಿ ತೆಗೆದ ಸಾಲಕ್ಕೆ ಮೇಲೆ ಹೇಳಿದ ಬಡ್ಡಿ ಸಹಾಯಧನ ಸಿಗುವುದಿಲ್ಲ, ಅದು ಅದಕ್ಕಿಂತ ದೊಡ್ಡ ನಷ್ಟ. ಮೊದಲ ಫೀಸಿಗೆ ಗಡುವು ಹತ್ತಿರ ಬಂದು ಸಾಲ ಮಂಜೂರಾಗದಿದ್ದರೆ ಬ್ಯಾಂಕಿನಲ್ಲಿ ಒಡವೆ ಇಟ್ಟು ಅಷ್ಟಕ್ಕೆ ಮಾತ್ರ ತೆಗೆದುಕೊಳ್ಳಿ, ಆದಷ್ಟು ಬೇಗ ಬಿಡಿಸಿಕೊಳ್ಳಿ. ಫೀಸ್ ಕಟ್ಟಿದ ರಸೀದಿ ಜೋಪಾನ.

ಸಾಲಕ್ಕಿಂತ ಮೊದಲು ಬಿಟ್ಟಿ ಹಣ ಎಲ್ಲಿದೆ ನೋಡಬೇಕು. ಸಿಇಟಿ ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕೌನ್ಸೆಲಿಂಗ್‌ನಲ್ಲಿ ಎಸ್‌ಎನ್‌ಕ್ಯೂ ಅಂತ ಒಂದು ಕೋಟಾ ಇದೆ. ಪ್ರತಿ ಕೋರ್ಸಿನಲ್ಲೂ ಶೇ 5ರಷ್ಟು ಹೆಚ್ಚುವರಿ ಸೀಟು. ಆದಾಯ 8 ಲಕ್ಷದೊಳಗಿರುವ ಮನೆಯ ಮಕ್ಕಳಿಗೆ ಟ್ಯೂಷನ್ ಫೀ ಮಾಫಿ, ಉಳಿದ ಶುಲ್ಕ ಮಾತ್ರ ಕಟ್ಟಬೇಕು. ಸಿಇಟಿ ಅರ್ಜಿಯಲ್ಲಿ ಮಗಳು ಇದನ್ನು ಕೇಳಿದ್ದಾಳಾ ಅಂತ ಇವತ್ತೇ ನೋಡಿ. ಈ ಸೀಟಿನಲ್ಲಿ ಸೇರಿದ ಮೇಲೆ ಕಾಲೇಜು, ಕೋರ್ಸ್ ಬದಲಿಸಲು ಬಿಡುವುದಿಲ್ಲ. ಆಯ್ಕೆ ತುಂಬುವಾಗಲೇ ಯೋಚಿಸಿ ತುಂಬಿ.

ಹೆಣ್ಣುಮಕ್ಕಳಿಗೆ ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ವರ್ಷಕ್ಕೆ 50,000 ಬರುತ್ತದೆ. ಆದಾಯ ಮಿತಿ 8 ಲಕ್ಷ, ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ ಕೊಡುತ್ತಾರೆ. ಆಯ್ಕೆ ಅಂಕದ ಮೇಲೆ, ಹಾಗಾಗಿ ಸಿಕ್ಕೇ ಸಿಗುತ್ತೆ ಅನ್ನಲಾರೆ. ಸಿಕ್ಕಿತು ಅಂದರೆ ನಾಲ್ಕು ವರ್ಷಕ್ಕೆ 2 ಲಕ್ಷ. ನಿಮ್ಮ ಸಾಲ 6ರಿಂದ 4 ಲಕ್ಷಕ್ಕೆ ಇಳಿಯುತ್ತದೆ, ಕಂತು 5,300ಕ್ಕೆ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಮೊದಲ ವರ್ಷವೇ ಅರ್ಜಿ ಹಾಕಬೇಕು.

ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ ಅರಿವು ಸಾಲ 2ಎ ಪ್ರವರ್ಗದವರಿಗೂ ಇದೆ. ಸಿಇಟಿ ಮೂಲಕ ಸೀಟು ಸಿಕ್ಕವರಿಗೆ ವರ್ಷಕ್ಕೆ 1 ಲಕ್ಷದವರೆಗೆ, ಬಡ್ಡಿ ಬರೀ ಶೇ 2. ಇಷ್ಟು ಅಗ್ಗದ ಸಾಲ ಯಾವ ಬ್ಯಾಂಕಿನಲ್ಲೂ ಇಲ್ಲ. ತೊಂದರೆ ಏನಂದರೆ ಅನುದಾನ ಇದ್ದಷ್ಟು ಜನಕ್ಕೆ ಮಾತ್ರ ಸಿಗುತ್ತದೆ, ಹಣ ಬರೋದೂ ತಡ. ಕಾಲೇಜಿನವರು ಕಾಯುವುದಿಲ್ಲ. ಇದನ್ನೇ ನಂಬಿ ಕೂರಬೇಡಿ, ಬ್ಯಾಂಕ್ ಸಾಲದ ಅರ್ಜಿಯನ್ನೂ ಹಾಕಿಡಿ. ಅರಿವು ಸಿಕ್ಕರೆ ಬ್ಯಾಂಕಿನಿಂದ ಅಷ್ಟು ಕಡಿಮೆ ತೆಗೆದರಾಯಿತು. ಮಂಜೂರಾದದ್ದನ್ನೆಲ್ಲ ತೆಗೆಯಲೇಬೇಕು ಅಂತಿಲ್ಲ, ತೆಗೆದಷ್ಟಕ್ಕೆ ಮಾತ್ರ ಬಡ್ಡಿ.

ಚಿಕ್ಕ ಪುಟ್ಟದ್ದೂ ಬಿಡಬೇಡಿ. ನಿಮ್ಮ ಸಂಬಳದಿಂದ ವರ್ಷಕ್ಕೊಮ್ಮೆ ಕಾರ್ಮಿಕ ಕಲ್ಯಾಣ ಮಂಡಳಿಗೆ ಅಂತ ಒಂದು ಸಣ್ಣ ಮೊತ್ತ ಹಿಡಿಯುತ್ತಾರೆ, ಪೇ ಸ್ಲಿಪ್ ನೋಡಿ. ಆ ಮಂಡಳಿ ಕಾರ್ಮಿಕರ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತದೆ. ಅರ್ಜಿಗೆ ಫ್ಯಾಕ್ಟರಿಯ ಎಚ್‌ಆರ್ ಸಹಿ ಬೇಕು. ರೈತರ ಮಕ್ಕಳಿಗೆ 2021ರಲ್ಲಿ ಶುರುವಾದ ವಿದ್ಯಾನಿಧಿಯನ್ನು ಮರುವರ್ಷ ಆಟೊ, ಟ್ಯಾಕ್ಸಿ ಚಾಲಕರ ಮಕ್ಕಳಿಗೂ ವಿಸ್ತರಿಸಲಾಯಿತು. ಎಂಜಿನಿಯರಿಂಗ್ ಓದುವ ಹುಡುಗಿಗೆ ವರ್ಷಕ್ಕೆ 11,000 ಅಂತ ಅದರಲ್ಲಿತ್ತು. ಯಜಮಾನರ ಗೂಡ್ಸ್ ಆಟೊ ಅದಕ್ಕೆ ಬರುತ್ತದಾ, ಈ ವರ್ಷದ ಅರ್ಜಿ ತೆರೆದಿದೆಯಾ ಅಂತ ರಾಜ್ಯ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ವಿಚಾರಿಸಿ. ರಾಜ್ಯದ ವಿದ್ಯಾರ್ಥಿವೇತನಗಳ ಎಸ್‌ಎಸ್‌ಪಿ ಪೋರ್ಟಲ್ ಅಂತೂ ಇದ್ದೇ ಇದೆ. ಕೆಲವು ವಿದ್ಯಾರ್ಥಿವೇತನಗಳನ್ನು ಒಟ್ಟಿಗೆ ತೆಗೆದುಕೊಳ್ಳಲು ಬಿಡುವುದಿಲ್ಲ. ಎರಡು ಬಂದರೆ ದೊಡ್ಡದನ್ನು ಉಳಿಸಿಕೊಳ್ಳಿ.

ಇನ್ನು ಪಕ್ಕದ ಮನೆಯ ಹುಡುಗನ ಕಥೆ. ಅವರ ಕಾಗದ ನೋಡದೆ ಆ ಮನೆಯ ಬಗ್ಗೆ ಹೇಳಲಾರೆ. ಆದರೆ ಬ್ಯಾಂಕಿನವರು ಬಾಗಿಲಿಗೆ ಬರುವ ಮಟ್ಟಕ್ಕೆ ಹೋದ ಸಾಲಗಳಲ್ಲಿ ಹೆಚ್ಚಿನವು ಒಂದೇ ರೀತಿ ಕೆಡುತ್ತವೆ. ಓದುವ ಕಾಲದಲ್ಲಿ ಯಾರೂ ಸಾಲದ ಪುಸ್ತಕ ತೆರೆದು ನೋಡಿರುವುದಿಲ್ಲ. ಮೂರು ಲಕ್ಷ ತಂದಿದ್ದೆವು ಅಂತ ಅಪ್ಪ ಲೆಕ್ಕ ಇಟ್ಟಿರುತ್ತಾರೆ, ಪುಸ್ತಕದಲ್ಲಿ ನಾಲ್ಕೂವರೆ ಆಗಿರುತ್ತದೆ. ಹುಡುಗನ ಒಂದೆರಡು ವಿಷಯ ಬ್ಯಾಕ್ ಉಳಿದು ಕೆಲಸ ಸಿಗುವುದು ತಡವಾಗಿರುತ್ತದೆ. ಬ್ಯಾಂಕಿನ ಪತ್ರ ಬಂದಾಗ ಹೆದರಿ ಉತ್ತರ ಕೊಟ್ಟಿರುವುದಿಲ್ಲ, ಫೋನ್ ನಂಬರ್ ಬದಲಾಗಿರುತ್ತದೆ. ಕಂತು 90 ದಿನ ತಪ್ಪಿದರೆ ಸಾಲ ಎನ್‌ಪಿಎ, ಅಂದರೆ ಕೆಟ್ಟ ಸಾಲ ಆಗುತ್ತದೆ. ಆಮೇಲೆ ಮಾತು ಕಠಿಣ. ಸಹ ಸಾಲಗಾರರಾದ ಅಪ್ಪನ ಸಿಬಿಲ್, ಅಂದರೆ ಸಾಲ ಮರುಪಾವತಿಯ ದಾಖಲೆ ಕೂಡ ಕೆಡುತ್ತದೆ. ನಿಮ್ಮ ಮನೆಯಲ್ಲಿ ಹಾಗಾದರೆ ಯಜಮಾನರಿಗೆ ನಾಳೆ ಹೊಸ ಆಟೊಗೆ ಸಾಲ ಹುಟ್ಟುವುದಿಲ್ಲ. ಮರ್ಯಾದೆ ಹೋಗುತ್ತೆ ಅನ್ನೋದಕ್ಕಿಂತ ನಿಮ್ಮಂಥವರಿಗೆ ಇದು ದೊಡ್ಡ ಪೆಟ್ಟು.

ಕೋರ್ಸ್ ಮುಗಿದು ಒಂದು ವರ್ಷವಾದರೂ ಕೆಲಸ ಸಿಗದಿದ್ದರೆ ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ. ಅವಧಿಯನ್ನು ಹದಿನೈದು ವರ್ಷದವರೆಗೆ ಹಿಗ್ಗಿಸಬಹುದು. 6 ಲಕ್ಷಕ್ಕೆ ಕಂತು 7,900ರಿಂದ 6,450ರ ಹತ್ತಿರ ಇಳಿಯುತ್ತದೆ. ಒಟ್ಟು ಬಡ್ಡಿ ಜಾಸ್ತಿಯಾಗುತ್ತದೆ, ನಿಜ. ಕೆಲಸ ಇಲ್ಲದ ಕಾಲಕ್ಕೆ ಸ್ವಲ್ಪ ತಿಂಗಳು ಕಂತು ಮುಂದೂಡುವ ಅವಕಾಶವೂ ಮಾದರಿ ಯೋಜನೆಯಲ್ಲಿದೆ. ಕೇಳಿದವರಿಗೆ ಸಿಗುತ್ತದೆ. ಸಾಲ ಕಟ್ಟಲಾಗದ್ದಕ್ಕೆ ಜೈಲು ಅಂತೆಲ್ಲ ಹೆದರಿಸುವವರ ಮಾತು ಸುಳ್ಳು. ವಸೂಲಿಯವರು ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಫೋನ್ ಮಾಡುವ ಹಾಗಿಲ್ಲ, ಬೆದರಿಸುವ ಹಾಗೂ ಇಲ್ಲ.

ಮನ್ನಾ ಆಗುತ್ತೆ ಅನ್ನೋದನ್ನು ತಲೆಯಿಂದ ತೆಗೆದುಹಾಕಿ. 2008ರಲ್ಲಿ ಕೇಂದ್ರ, 2018ರಲ್ಲಿ ನಮ್ಮ ರಾಜ್ಯ ಮನ್ನಾ ಮಾಡಿದ್ದು ರೈತರ ಸಾಲ. ಶಿಕ್ಷಣ ಸಾಲದ ವಿಷಯದಲ್ಲಿ 2014ರ ಮಧ್ಯಂತರ ಬಜೆಟ್‌ನಲ್ಲಿ ಒಂದು ನೆರವು ಘೋಷಣೆಯಾಗಿತ್ತು. ಅದೂ 2009ರ ಮಾರ್ಚ್‌ವರೆಗೆ ತೆಗೆದ ಹಳೆಯ ಸಾಲಗಳ ಬಾಕಿ ಬಡ್ಡಿಗೆ ಮಾತ್ರ, ಅಸಲಿಗಲ್ಲ. ಮನ್ನಾ ಕಾಯುತ್ತಾ ಕಂತು ನಿಲ್ಲಿಸಿದವರನ್ನು ನಾನು ನೋಡಿದ್ದೇನೆ. ಬಡ್ಡಿ ಅವರನ್ನು ಕಾಯಲಿಲ್ಲ.

ಮದುವೆ ಪ್ರಶ್ನೆಗೆ ಬರೋಣ. ಸಾಲ ಮಗಳ ಹೆಸರಿನಲ್ಲೂ ಸಹಿ ಹಾಕಿದವರ ಹೆಸರಿನಲ್ಲೂ ಇರುತ್ತದೆ. ಮದುವೆಯಾದ ಮಾತ್ರಕ್ಕೆ ಅದು ಗಂಡನ ಮನೆಗೆ ವರ್ಗವಾಗುವುದಿಲ್ಲ, ನಿಮ್ಮ ತಲೆಯಿಂದ ಇಳಿಯುವುದೂ ಇಲ್ಲ. ಅವಳು ದುಡಿದು ಅವಳೇ ಕಟ್ಟಬೇಕು ಅನ್ನೋದು ಈಗಲೇ ಮನೆಯಲ್ಲಿ ಮಾತಾಗಲಿ, ಅವಳೂ ಕೂತಿರಲಿ. ಹದಿನೆಂಟು ತುಂಬಿದ ಹುಡುಗಿ, ಸಹಿ ಅವಳದ್ದು. ಪತ್ರದಲ್ಲಿ ಎಲ್ಲರ ಅಭಿಪ್ರಾಯ ಬರೆದಿದ್ದೀರಿ, ಅವಳಿಗೆ ಏನು ಓದಲು ಇಷ್ಟ ಅಂತ ಬರೆದಿಲ್ಲ. ಹಲವು ಬ್ಯಾಂಕ್‌ಗಳು ಹುಡುಗಿಯರಿಗೆ ಬಡ್ಡಿಯಲ್ಲಿ ಅರ್ಧ ಪರ್ಸೆಂಟ್ ಕಡಿಮೆ ಮಾಡುತ್ತವೆ, ಅದನ್ನೂ ಕೇಳಿ. ಬ್ಯಾಂಕಿನವರು ಸಾಲದ ಜೊತೆ ಇನ್ಶೂರೆನ್ಸ್ ಹೇಳಬಹುದು. ಅದು ಕಡ್ಡಾಯ ಅಲ್ಲ, ಪ್ರೀಮಿಯಂ ಎಷ್ಟು ಅಂತ ಕೇಳಿ ಆಮೇಲೆ ತೀರ್ಮಾನಿಸಿ.

ಉಳಿದಿದ್ದು ಏಜೆಂಟ್. ಶುಕ್ರವಾರದ ಗಡುವು ಅವರದ್ದು, ಕೆಇಎಯದ್ದಲ್ಲ. ಕೌನ್ಸೆಲಿಂಗ್‌ನಲ್ಲಿ ಸುತ್ತುಗಳಿರುತ್ತವೆ. ಮೊದಲ ಸುತ್ತಿನಲ್ಲಿ ಎಲೆಕ್ಟ್ರಾನಿಕ್ಸ್ ಬಂದರೆ ಅದನ್ನು ಕೈಯಲ್ಲಿಟ್ಟುಕೊಂಡೇ ಮುಂದಿನ ಸುತ್ತಿನಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ಪ್ರಯತ್ನಿಸುವ ಆಯ್ಕೆ ಇದೆ. ನಿಗದಿ ಫೀಸಿನ ಮೇಲೆ ಡೊನೇಷನ್ ಕೇಳುವುದು ನಮ್ಮ ರಾಜ್ಯದಲ್ಲಿ 1984ರ ಕಾಯ್ದೆ ಪ್ರಕಾರ ಅಪರಾಧ. ಅಂಥ ಹಣಕ್ಕೆ ರಸೀದಿ ಇರುವುದಿಲ್ಲ, ರಸೀದಿ ಇಲ್ಲದ ಖರ್ಚಿಗೆ ಬ್ಯಾಂಕ್ ಸಾಲ ಕೊಡುವುದಿಲ್ಲ. ಅಡ್ವಾನ್ಸ್‌ಗೆ ಕಾಲೇಜಿನ ಹೆಸರಿನ ರಸೀದಿ ಕೊಡಿ ಅಂತ ಕೇಳಿ ನೋಡಿ, ಉತ್ತರ ಅಲ್ಲೇ ಗೊತ್ತಾಗುತ್ತದೆ. ಆ 25,000 ಕೊಡಬೇಡಿ.

ಈ ವಾರ ಮಾಡಬೇಕಾದದ್ದು ಬೇರೆ ಇದೆ. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರ ತೆಗೆದು ನೋಡಿ. ಮಗಳ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಒಂದೇ ಥರ ಇದೆಯಾ ಹೋಲಿಸಿ. ಇನಿಷಿಯಲ್ ಒಂದು ಆ ಕಡೆ ಈ ಕಡೆ ಆದರೂ ಪೋರ್ಟಲ್‌ನಲ್ಲಿ ಅರ್ಜಿ ಸಿಕ್ಕಿಹಾಕಿಕೊಳ್ಳುತ್ತದೆ, ಸರಿ ಮಾಡಿಸಲು ವಾರಗಟ್ಟಲೆ ಬೇಕು. ಅವಳ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತಲೂ ಬ್ಯಾಂಕಿನಲ್ಲಿ ಕೇಳಿಕೊಂಡು ಬನ್ನಿ, ವಿದ್ಯಾರ್ಥಿವೇತನ ಬರುವುದು ಅದಕ್ಕೇ.